ಅಕ್ಷರ ಚೆನ್ನಾಗಿದೆ ಅಂತ ಕೆಲಸ ಸಿಕ್ಕಿತು

1751ರಲ್ಲಿ ಪ್ಯಾರಿಸ್‌ಗೆ ಬಂದಿಳಿದಾಗ ಮುಂದೆ ಖಗೋಳಜ್ಞನಾದ ಚಾರ್ಲ್ಸ್ ಮೆಸಿಯೆಗೆ 21 ವರ್ಷ. ಊರು ಲೊರೇನ್ ಸೀಮೆಯ ಬದೋನ್ವಿಲೆ. 12 ಮಕ್ಕಳಲ್ಲಿ ಹತ್ತನೆಯವನು, ಅಪ್ಪ ಚಿಕ್ಕಂದಿನಲ್ಲೇ ತೀರಿಕೊಂಡಿದ್ದ. ನೌಕಾಪಡೆಯ ಖಗೋಳಜ್ಞ ಡೆಲಿಲ್ ಈ ಹುಡುಗನನ್ನು ಇಟ್ಟುಕೊಂಡದ್ದು ಕೈಬರಹ ಅಂದವಾಗಿತ್ತು ಅನ್ನೋ ಕಾರಣಕ್ಕೆ. ಮೊದಲು ಸಿಕ್ಕ ಕೆಲಸ ಚೀನಾದ ದೊಡ್ಡ ಭೂಪಟವೊಂದನ್ನು ನಕಲು ಮಾಡೋದು. ಸುಮ್ನೆ ಗುಮಾಸ್ತಗಿರಿ.

ಕ್ಲೂನಿ ಮಹಲಿನ ಮೇಲೆ ಡೆಲಿಲ್ ಅವರದ್ದೊಂದು ವೀಕ್ಷಣಾಲಯ ಇತ್ತು. ಅಲ್ಲಿ ಮೆಸಿಯೆ ಆಕಾಶ ನೋಡಲು ಕಲಿತ. ಗಣಿತ ಮಾತ್ರ ಕೊನೆಯವರೆಗೂ ಅವನ ಕೈಗೆ ಹತ್ತಲಿಲ್ಲ.

1758ರ ಕೊನೆಗೆ ಧೂಮಕೇತುವೊಂದು ಮರಳಿ ಬರುತ್ತದೆ ಎಂದು ಇಂಗ್ಲೆಂಡಿನ ಖಗೋಳಜ್ಞ ಹ್ಯಾಲಿ ಎಂದೋ ಬರೆದಿಟ್ಟಿದ್ದ. ಅದು ಎಲ್ಲಿ ಕಾಣಬಹುದು ಅಂತ ಡೆಲಿಲ್ ನಕ್ಷೆ ಹಾಕಿಕೊಟ್ಟರು. ನಕ್ಷೆಯೇ ತಪ್ಪಾಗಿತ್ತು. ಮೆಸಿಯೆ ರಾತ್ರಿಗಟ್ಟಲೆ ಖಾಲಿ ಜಾಗದಲ್ಲಿ ಹುಡುಕಿದ. 1758ರ ಡಿಸೆಂಬರ್ 25ರಂದು ಜರ್ಮನಿಯ ಡ್ರೆಸ್ಡೆನ್ ಹತ್ತಿರದ ಪಾಲಿಚ್ ಎಂಬ ರೈತ ಅದನ್ನು ಕಂಡುಬಿಟ್ಟ. ಮೆಸಿಯೆಗೆ ಸಿಕ್ಕಿದ್ದು 1759ರ ಜನವರಿ 21ಕ್ಕೆ, ಅದೂ ನಕ್ಷೆಯಾಚೆ ಕಣ್ಣು ಹಾಯಿಸಿದ ಮೇಲೆ. ಯಾರಿಗೂ ಹೇಳಬೇಡ ಎಂದರು ಡೆಲಿಲ್. ಯಜಮಾನರ ಮಾತು, ಬಾಯಿಮುಚ್ಚಿಕೊಂಡಿದ್ದ.

ಈ ಹುಡುಕಾಟದ ನಡುವೆ ಇನ್ನೊಂದು ಸಂಗತಿ ನಡೆದಿತ್ತು. 1758ರ ಆಗಸ್ಟ್‌ನಲ್ಲಿ ಬೇರೊಂದು ಧೂಮಕೇತುವಿನ ಬೆನ್ನು ಹತ್ತಿದ್ದಾಗ ವೃಷಭ ರಾಶಿಯಲ್ಲಿ ಮಬ್ಬು ಮಚ್ಚೆಯೊಂದು ಕಂಡಿತು. ದೂರದ ಧೂಮಕೇತುವಿಗೆ ಬಾಲ ಕಾಣೋದಿಲ್ಲ. ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ, ಅಷ್ಟೇ. ಪಕ್ಕದ ನಕ್ಷತ್ರಗಳನ್ನು ಗುರುತಿಟ್ಟುಕೊಂಡು ಮುಂದಿನ ರಾತ್ರಿಗಳಲ್ಲಿ ಮತ್ತೆ ನೋಡಬೇಕು. ಜರುಗಿದ್ದರೆ ಧೂಮಕೇತು. ಇದು ಜರುಗಲೇ ಇಲ್ಲ. ಇನ್ನೊಮ್ಮೆ ಮೋಸ ಹೋಗಬಾರದೆಂದು ಜಾಗ ಬರೆದಿಟ್ಟ. ಅದೇ ಎಂ1, ಅಂದರೆ ಮೆಸಿಯೆ ಪಟ್ಟಿಯ ಮೊದಲನೆಯದು, ಏಡಿ ನೀಹಾರಿಕೆ. 1054ರಲ್ಲಿ ಚೀನಾದವರು ಕಂಡ ನಕ್ಷತ್ರ ಸ್ಫೋಟದ ಅವಶೇಷ.

ಹೀಗೆ ಶುರುವಾದ ಪಟ್ಟಿ 1774ರಲ್ಲಿ ಅಚ್ಚಾದಾಗ ಧೂಮಕೇತು ಅಲ್ಲದ ಇಂಥವು 45 ಇದ್ದವು. 1781ಕ್ಕೆ 103. ಗೆಳೆಯ ಮೆಷೆನ್ ಕಂಡವೂ ಅದರಲ್ಲಿವೆ. ಉಳಿದದ್ದು ನಂತರದವರು ಸೇರಿಸಿದ್ದು, ಈಗ 110. ಎಂ45 ಯಾವುದು ಗೊತ್ತಾ? ನಮ್ಮ ಕೃತ್ತಿಕೆ. ಬರಿಗಣ್ಣಿಗೇ ಬಿಡಿಬಿಡಿಯಾಗಿ ಕಾಣುವ ಆ ಗೊಂಚಲನ್ನು ಧೂಮಕೇತು ಅಂತ ಯಾರು ತಾನೇ ಏಮಾರ್ತಾರೆ, ಅಲ್ವಾ? ಗುಮಾಸ್ತನಿಗೆ ಪಟ್ಟಿ ತುಂಬಿಸುವ ಚಪಲ ಹತ್ತಿತ್ತು ಅಂತಲೇ ನನ್ನ ಅನುಮಾನ.

ಧೂಮಕೇತುಗಳೇನೋ ಒಂದರ ಹಿಂದೊಂದು ಸಿಕ್ಕವು, ಹತ್ತಕ್ಕಿಂತ ಜಾಸ್ತಿ. ಹದಿನೈದನೇ ಲೂಯಿ ರಾಜ ಅವನನ್ನು 'ಧೂಮಕೇತುಗಳ ಫೆರೆಟ್' ಎನ್ನುತ್ತಿದ್ದನಂತೆ. ಫೆರೆಟ್ ಅಂದರೆ ಬಿಲಕ್ಕೆ ನುಗ್ಗಿ ಮೊಲ ಹಿಡಿಯುವ ಮುಂಗುಸಿಯಂಥ ಪ್ರಾಣಿ. ಆದರೆ ಕಂಡದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕೋರು ಯಾರು?

ಆ ಲೆಕ್ಕ ಎಷ್ಟೋ ಸಲ ಬೊಶಾರ್ ದ ಸಾರೋನ್ ಎಂಬ ದೊಡ್ಡ ನ್ಯಾಯಾಧೀಶರ ಪಾಲಿಗೆ ಬರುತ್ತಿತ್ತು. ಗಣಿತ ಅವರ ಹವ್ಯಾಸ. 1781ರ ನವೆಂಬರ್ 6ರಂದು ಇಬ್ಬರೂ ಪ್ಯಾರಿಸ್‌ನ ಮೊನ್ಸೋ ತೋಟದಲ್ಲಿ ತಿರುಗಾಡುತ್ತಿದ್ದರು. ತೆರೆದಿದ್ದ ಬಾಗಿಲೊಂದನ್ನು ಕಂಡು ಮೆಸಿಯೆ ಒಳಗೆ ಕಾಲಿಟ್ಟ. ಅದು ಮಂಜುಗಡ್ಡೆ ಕೂಡಿಡುವ ನೆಲಮಾಳಿಗೆ. ಸುಮಾರು 25 ಅಡಿ ಕೆಳಗೆ ಬಿದ್ದ. ಕೈ, ಕಾಲು, ಪಕ್ಕೆಲುಬು ಮುರಿದವು. ಒಂದು ವರ್ಷ ಮಲಗಿದ. 1782ರ ನವೆಂಬರ್‌ನಲ್ಲಿ ಬುಧ ಸೂರ್ಯನ ಮುಂದೆ ಹಾಯುವ ಹೊತ್ತಿಗೆ ಮತ್ತೆ ದೂರದರ್ಶಕದ ಮುಂದಿದ್ದ.

ಆಮೇಲೆ ಫ್ರೆಂಚ್ ಕ್ರಾಂತಿ ಬಂತು. ಸಂಬಳ ನಿಂತಿತು, ಪಿಂಚಣಿಯೂ ಹೋಯಿತು. 1793ರ ಸೆಪ್ಟೆಂಬರ್‌ನಲ್ಲಿ ಮೆಸಿಯೆ ಇನ್ನೊಂದು ಧೂಮಕೇತು ಕಂಡ. ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮತ್ತೆ ಎಲ್ಲಿ ಮೂಡುತ್ತದೆ? ಸಾರೋನ್ ಆಗ ಜೈಲಿನಲ್ಲಿದ್ದರು. ಅಲ್ಲೇ ಕೂತು ಲೆಕ್ಕ ಮಾಡಿದರು. ಅವರು ಹೇಳಿದ ದಾರಿಯಲ್ಲೇ ಡಿಸೆಂಬರ್ ಕೊನೆಗೆ ಧೂಮಕೇತು ಸಿಕ್ಕಿತು. ಆ ಸುದ್ದಿಯನ್ನು ಕದ್ದುಮುಚ್ಚಿ ಜೈಲಿನೊಳಗೆ ಮುಟ್ಟಿಸಿದ ಮೆಸಿಯೆ. 1794ರ ಏಪ್ರಿಲ್‌ನಲ್ಲಿ ಸಾರೋನ್ ತಲೆ ಗಿಲೋಟಿನ್‌ಗೆ ಹೋಯಿತು.