‘ಗಗನಮುಖಿ’ ಪೇಪರಿನಲ್ಲಿ ಮಾತ್ರ ಯಾಕೆ?

ಓದುಗರ ಪ್ರಶ್ನೆ: ಬೆಲೆ ಏರಿದಾಗಲೆಲ್ಲ ಪೇಪರಿನವರು ‘ಗಗನಮುಖಿ’ ಅಂತ ಬರೆಯುತ್ತಾರೆ. ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ಈ ಪದ ಆಡಿದವರನ್ನು ನಾನಂತೂ ಕಂಡಿಲ್ಲ. ‘ಗಗನಕ್ಕೇರಿದೆ’ ಅಂದರೂ ಅದೇ ಅರ್ಥ ತಾನೇ?

ಉತ್ತರ: ಅಲ್ಲ, ಎರಡೂ ಬೇರೆ. ಆದರೆ ಆ ವ್ಯತ್ಯಾಸವನ್ನು ಪೇಪರಿನವರೇ ಮರೆತುಬಿಟ್ಟಿದ್ದೇವೆ.

‘ಮುಖಿ’ ಅಂದರೆ ಆ ಕಡೆಗೆ ಮುಖ ಮಾಡಿರುವುದು, ಅಷ್ಟೇ. ಅಂತರ್ಮುಖಿಗೆ ಮುಖ ಒಳಗಡೆ. ಸಮಾಜಮುಖಿಗೆ ಸಮಾಜದ ಕಡೆ. ಹಾಗೆ ನೋಡಿದರೆ ಗಗನಮುಖಿ ಇನ್ನೂ ಆಕಾಶ ಮುಟ್ಟಿಲ್ಲ, ಅತ್ತ ಹೊರಟಿದೆ. ‘ಗಗನಕ್ಕೇರಿದೆ’ ಅಂದರೆ ಹೋಗಿ ಸೇರಿಯೇ ಆಯಿತು. ‘ಗಗನಚುಂಬಿ’ ಎತ್ತರದ ಕಟ್ಟಡಕ್ಕೆ ಮೀಸಲು. ಲೆಕ್ಕದ ಪ್ರಕಾರ ಬೆಲೆ ಮೊದಲ ವಾರ ಗಗನಮುಖಿಯಾಗಿ, ಆಮೇಲೆ ಗಗನಕ್ಕೇರಬೇಕು. ಅಷ್ಟು ತಾಳ್ಮೆ ಯಾರಿಗಿದೆ?

ಮತ್ತೆ ಈ ಪದವನ್ನೇ ಯಾಕೆ ಹಿಡಿದುಕೊಂಡಿದ್ದಾರೆ ಅಂತೀರಾ? ಕಾರಣ ಅರ್ಥಕ್ಕಿಂತ ಜಾಸ್ತಿ ಅಳತೆಯದ್ದು. ಗ, ಗ, ನ, ಮು, ಖಿ. ಐದೇ ಅಕ್ಷರ, ಒಂದೂ ಒತ್ತಿಲ್ಲ. ದಪ್ಪ ಅಕ್ಷರದ ಎರಡು ಸಾಲಿನ ಹೆಡ್ಡಿಂಗ್ ಕೂರಿಸಿದವರಿಗೆ ಇದರ ಬೆಲೆ ಗೊತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲಿದರೆ ಪುಟ ಮಾಡುವವನು ಗೊಣಗುತ್ತಾನೆ. ‘ಗಗನಕ್ಕೇರಿದೆ’ಯಲ್ಲಿ ಆ ‘ಕ್ಕೇ’ ಇದೆ. ಗಗನಮುಖಿ ನುಣುಪಾಗಿ ಕೂತುಬಿಡುತ್ತದೆ. ಕ್ರಿಯಾಪದವೂ ಬೇಡ. ‘ಈರುಳ್ಳಿ ದರ ಗಗನಮುಖಿ’ ಅಂದರೆ ಸಾಕು, ವಾಕ್ಯ ಮುಗಿಯಿತು.

ಇನ್ನೊಂದು ಕಾರಣ ಹೇಳಲು ನನಗೇ ಸ್ವಲ್ಪ ನಾಚಿಕೆ. ಈ ಪದ ಬರೆದರೆ ಎಷ್ಟು ಏರಿತು ಅಂತ ಹೇಳಬೇಕಿಲ್ಲ. ನಾನು ಡೆಸ್ಕಿನಲ್ಲಿದ್ದಾಗ ರಾತ್ರಿ ತಡವಾಗಿ ಒಂದು ಸುದ್ದಿ ಬಂತು. ಏರಿದ್ದು ಕಿಲೋಗೆ 2 ರೂಪಾಯಿ. ನಾನು ಸುಮ್ನೆ ಕೈ ಅಭ್ಯಾಸದಲ್ಲಿ ‘ಗಗನಮುಖಿ’ ಅಂತ ಹಾಕಿದ್ದೆ. ಹಿರಿಯರೊಬ್ಬರು ಪ್ರೂಫ್ ನೋಡಿ, ಆ ಪದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ‘ಎರಡು ರೂಪಾಯಿಗೆ ನಿನ್ನ ಆಕಾಶ ಇಷ್ಟು ಕೆಳಗಿದೆಯೇನಪ್ಪಾ?’ ಅಂತ ಬರೆದು ಕಳಿಸಿದರು. ‘2 ರೂ. ಏರಿಕೆ’ ಅಂತ ತಿದ್ದಿದೆ. ಅದಕ್ಕೂ ಜಾಗ ಹೆಚ್ಚೇನೂ ಬೇಕಾಗಲಿಲ್ಲ!

ಇಂಥ ಪೇಪರ್ ಪದಗಳು ಇನ್ನೂ ಇವೆ. ರಾಕೆಟ್ ಯಾವತ್ತೂ ‘ನಭಕ್ಕೆ’ ಚಿಮ್ಮುತ್ತದೆ, ಆಕಾಶಕ್ಕಲ್ಲ. ಬೆಂಕಿಯ ಕೆನ್ನಾಲಗೆ ‘ಮುಗಿಲೆತ್ತರಕ್ಕೆ’ ಚಾಚುತ್ತದೆ. ಪೊಲೀಸರು ಮಾತ್ರ ಪಾಪ, ಮೇಲಕ್ಕೇ ಹೊಡೆದರೂ ಅದು ‘ಗಾಳಿಯಲ್ಲಿ ಗುಂಡು’. ‘ಊರ್ಧ್ವಮುಖ’ ಪೇಪರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಯೋಗದ ಕ್ಲಾಸಿನಲ್ಲಿ ಊರ್ಧ್ವಮುಖ ಶ್ವಾನಾಸನವಾಗಿ ಸಿಗುತ್ತದೆ. ಬೆಲೆ ಇಳಿದಾಗ ‘ಪಾತಾಳಮುಖಿ’ ಅಂತ ಯಾರೂ ಬರೆಯಲ್ಲ, ಗಮನಿಸಿದ್ದೀರಾ? ಆಗ ‘ಕುಸಿತ’. ತೀರಾ ಬಿದ್ದರೆ ‘ಪಾತಾಳಕ್ಕೆ’. ಇಳಿಯುವುದಕ್ಕೆ ದಾರಿಯೇ ಇಲ್ಲ, ನೇರ ತಲುಪುವುದೇ.

ನನ್ನನ್ನು ಕೇಳಿದರೆ ‘ಏರುಮುಖ’ ಇದಕ್ಕಿಂತ ಒಳ್ಳೆಯ ಪದ. ನಾಲ್ಕೇ ಅಕ್ಷರ, ಒತ್ತೂ ಇಲ್ಲ. ಎದುರಿಗೆ ‘ಇಳಿಮುಖ’ ಸಿದ್ಧವಾಗಿದೆ. ಸುಮ್ಮನೆ ಗಾಬರಿ ಹುಟ್ಟಿಸುವುದಿಲ್ಲ. ಬಹುಶಃ ಅದಕ್ಕೇ ಹೆಡ್ಡಿಂಗಿನವರಿಗೆ ಅದು ಸಪ್ಪೆ ಅನ್ನಿಸುತ್ತದೆ. ಅಂಗಡಿಯಲ್ಲಿ ನಿಂತವರಂತೂ ಎರಡನ್ನೂ ಬಿಟ್ಟು ‘ತುಟ್ಟಿಯಾಯ್ತು’ ಅಂದುಬಿಡುತ್ತಾರೆ.

ಈ ಪದ ಅಕ್ಷರಶಃ ಹೊಂದುವ ಜಾಗವೂ ಪೇಪರಿನಲ್ಲಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಒಂದು ಫೋಟೊ ತಪ್ಪದೆ ಬರುತ್ತದೆ. ಬಿರುಕು ಬಿಟ್ಟ ನೆಲ, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿರುವ ರೈತ. ನಿಜವಾಗಿ ಗಗನದ ಕಡೆ ಮುಖ ಮಾಡಿರುವವನು ಅವನೇ ಅಲ್ವಾ? ಆದರೆ ಆ ಫೋಟೊದ ಕೆಳಗೆ ಬರೆಯುವುದು ‘ಮುಗಿಲತ್ತ ನೋಡುತ್ತಿರುವ ರೈತ’ ಅಂತ. ಗಗನಮುಖಿ ಅದೇ ಪುಟದ ಇನ್ನೊಂದು ಮೂಲೆಯಲ್ಲಿ, ತರಕಾರಿ ದರದ ಜೊತೆ ಇರುತ್ತದೆ.