ಪಂಪಿನ ಕೆಳಗೆ ರಬ್ಬರ್ ಹಾಕಿದರೂ ಮನೆ ಗುಂಯ್ ಎನ್ನುವುದೇಕೆ?

ಪ್ರಶ್ನೆ: ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯಲ್ಲಿ ನಮ್ಮ ಮನೆ. ಟೆರೇಸಿನ ಪ್ರೆಷರ್ ಪಂಪ್ ಶುರುವಾದರೆ ಮಲಗುವ ಕೋಣೆಯೆಲ್ಲ ಗುಂಯ್ ಎನ್ನುತ್ತದೆ. ಪಂಪಿನ ಕೆಳಗೆ ರಬ್ಬರ್ ಶೀಟ್ ಹಾಕಿಸಿದೆವು, ಸೀಲಿಂಗಿಗೆ ಥರ್ಮಾಕೋಲ್ ಅಂಟಿಸಿದೆವು. ಸದ್ದು ಇನ್ನೂ ಜಾಸ್ತಿಯಾದಂತಿದೆ. ಇದು ನಮ್ಮ ಭ್ರಮೆಯೇ?

ಉತ್ತರ: ಭ್ರಮೆ ಇರಲಾರದು. ಥರ್ಮಾಕೋಲ್ ಮೊದಲು ಕಿತ್ತುಬಿಡಿ. ಸದ್ದು ತಡೆಯಲು ತೂಕ ಬೇಕು, ಅದಕ್ಕೆ ತೂಕವೇ ಇಲ್ಲ. ಸಾಲದ್ದಕ್ಕೆ ಬೆಂಕಿ ತಗುಲಿದರೆ ಧಗ್ಗೆಂದು ಉರಿಯುತ್ತದೆ. ಅಲ್ಲದೆ ನಿಮಗೆ ಕೇಳುತ್ತಿರುವುದು ಗಾಳಿಯಲ್ಲಿ ಬಂದ ಸದ್ದಲ್ಲ. ಪಂಪ್ ಸ್ಲ್ಯಾಬನ್ನು ಅದುರಿಸುತ್ತದೆ, ಸ್ಲ್ಯಾಬ್ ಧ್ವನಿವರ್ಧಕದಂತೆ ನಿಮ್ಮ ಕೋಣೆಗೆ ಹಾಡುತ್ತದೆ.

ಇನ್ನು ರಬ್ಬರ್. ನಿಂತ ಬಸ್ಸಿನ ಕಿಟಕಿ ಗಾಜು ಗಲಗಲ ಎನ್ನುತ್ತದೆ, ಬಸ್ಸು ಓಡತೊಡಗಿದರೆ ಸುಮ್ಮನಾಗುತ್ತದೆ, ಗಮನಿಸಿದ್ದೀರಾ? ಪ್ರತಿ ವಸ್ತುವಿಗೂ ತನ್ನದೇ ಅದುರುವ ವೇಗ ಇರುತ್ತದೆ. ಎಂಜಿನ್ನಿನ ವೇಗ ಅದಕ್ಕೆ ಹೊಂದಿದಾಗಷ್ಟೇ ಗಲಾಟೆ. ಇದೇ ಅನುರಣನ. ರಬ್ಬರಿನ ಮೇಲೆ ಕೂತ ಪಂಪಿಗೂ ಇದೇ ಕತೆ. ಪಂಪಿನ ಭಾರಕ್ಕೆ ರಬ್ಬರ್ ಎಷ್ಟು ಮಿಲಿಮೀಟರ್ ಕುಗ್ಗಿತೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿ. ಸೆಕೆಂಡಿಗೆ ಎಷ್ಟು ಸಲ ಅದುರುವುದು ಅದರ ಸ್ವಭಾವ ಎಂಬುದು ಅಂದಾಜಾಗಿ ಸಿಗುತ್ತದೆ.

ಇಂಥ ಪಂಪುಗಳು ಸಾಮಾನ್ಯವಾಗಿ ನಿಮಿಷಕ್ಕೆ 2880 ಸುತ್ತು, ಅಂದರೆ ಸೆಕೆಂಡಿಗೆ 48 ಸುತ್ತು ತಿರುಗುತ್ತವೆ. ಗಟ್ಟಿ ಶೀಟ್ ಕುಗ್ಗುವುದು ಬರೀ 0.1 ಮಿ.ಮೀ. ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 50! ಅನುರಣನದ ಬಾಯಿಗೇ ಪಂಪನ್ನು ಇಟ್ಟಂತಾಯಿತು. ಪಂಪಿನ ವೇಗ ಈ ಸಂಖ್ಯೆಯ 1.41 ಪಟ್ಟು ದಾಟುವವರೆಗೆ ರಬ್ಬರಿನಿಂದ ನಷ್ಟವೇ ಹೊರತು ಲಾಭವಿಲ್ಲ. ಅದೇ 1 ಮಿ.ಮೀ. ಕುಗ್ಗುವ ಮೆತ್ತನೆಯ ಮೌಂಟ್ (ಪಂಪಿನಡಿಯ ಆಧಾರ) ಹಾಕಿದರೆ ಸ್ಲ್ಯಾಬಿಗೆ ಇಳಿಯುವ ಅದುರು ಎಂಟರಲ್ಲೊಂದು ಪಾಲು, 3 ಮಿ.ಮೀ. ಕುಗ್ಗಿದರೆ ಇಪ್ಪತ್ತೈದರಲ್ಲೊಂದು ಪಾಲಿನಷ್ಟು. ಕಾಗದದ ಮೇಲಿನ ಲೆಕ್ಕ ಇದು, ನಿಜದಲ್ಲಿ ಲಾಭ ಸ್ವಲ್ಪ ಕಡಿಮೆಯೇ ಸಿಗುತ್ತದೆ. ಆದರೂ ಅಂಗಡಿಯಲ್ಲಿ ‘ಎಷ್ಟು ದಪ್ಪ’ ಎನ್ನುವ ಬದಲು ‘ಇಷ್ಟು ಕೇಜಿಗೆ ಎಷ್ಟು ಕುಗ್ಗುತ್ತದೆ’ ಎಂದು ಕೇಳಿ.

ಎರಡು ಕಳ್ಳದಾರಿಗಳನ್ನೂ ನೋಡಿ. ರಬ್ಬರನ್ನು ತೂತು ಮಾಡಿ ಬೋಲ್ಟನ್ನು ಸೀದಾ ಸ್ಲ್ಯಾಬಿಗೆ ಬಿಗಿದಿದ್ದರೆ ಅದುರು ಬೋಲ್ಟಿನಲ್ಲೇ ಇಳಿಯುತ್ತದೆ. ಇನ್ನೊಂದು ಪೈಪು. ಪಂಪಿನ ಎರಡೂ ಬದಿಗೆ ಬಾಗುವ ರಬ್ಬರ್ ಜೋಡಣೆ ಬೇಕು, ಗೋಡೆಗೆ ಹಿಡಿದ ಕ್ಲ್ಯಾಂಪುಗಳಿಗೆ ರಬ್ಬರ್ ಒಳಪದರ ಬೇಕು.

ಖರ್ಚಿಗೆ ಮುಂಚೆ ಒಂದು ಪರೀಕ್ಷೆ ಮಾಡಿ. ಬೋಲ್ಟ್ ಬಿಚ್ಚಿ, ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಹಲಗೆ ಇಟ್ಟು ಪಂಪನ್ನು ಕೂರಿಸಿ, ಯಾರಾದರೂ ಕಾವಲಿದ್ದು ಒಂದೆರಡು ನಿಮಿಷ ಓಡಿಸಿ. ಕೆಳಗೆ ಸದ್ದು ತಗ್ಗಿದರೆ ಮೌಂಟ್ ಬದಲಿಸಿ, ಆಗುವುದಾದರೆ ಪಂಪನ್ನು ಸ್ಲ್ಯಾಬಿನ ನಡುವಿನಿಂದ ಬೀಮಿನ ಮೇಲಕ್ಕೆ ಸರಿಸಿ. ತಗ್ಗದಿದ್ದರೆ ಮೊದಲು ಪೈಪನ್ನು ಅನುಮಾನಿಸಿ.