ಕಂಡದ್ದೋ ಕೇಳಿದ್ದೋ: ತುಯುಕಾ ಕ್ರಿಯಾಪದದ ಬಾಲ

ಕಾಡಿನವರ ಭಾಷೆಗೆ ವ್ಯಾಕರಣವೆಲ್ಲಿಂದ ಬರಬೇಕು ಎನ್ನುವವರು ಇನ್ನೂ ಇದ್ದಾರೆ. ಅವರು ತುಯುಕಾದ ಒಂದೇ ಒಂದು ಕ್ರಿಯಾಪದವನ್ನು ಬಿಡಿಸಿ ನೋಡಲಿ.

ತುಯುಕಾ ಟುಕಾನೋ ಕುಟುಂಬದ ಭಾಷೆ. ಕೊಲಂಬಿಯಾ–ಬ್ರೆಜಿಲ್ ಗಡಿಯ ಪಾಪುರಿ, ಟಿಕಿಯೆ ನದಿಗಳ ದಂಡೆಯಲ್ಲಿ ಇದನ್ನಾಡುವವರು ಸಾವಿರದ ಆಸುಪಾಸು.

‘ಅವನು ಆಡಿದ’ ಎಂದು ಹೇಳಿ ನಾವು ಸುಮ್ಮನಾಗಬಹುದು. ತುಯುಕಾದಲ್ಲಿ ಆಗದು. ಅದು ಹೇಗೆ ಗೊತ್ತಾಯಿತೆಂದು ಕ್ರಿಯಾಪದವೇ ಹೇಳಬೇಕು. ‘ಅಪೆ’ ಎಂದರೆ ಆಡು. ಕಣ್ಣಾರೆ ಕಂಡಿದ್ದರೆ ‘ಅಪೆವಿ’. ಮನೆಯೊಳಗಿಂದ ಆಟದ ಕೂಗಾಟವಷ್ಟೇ ಕೇಳಿಸಿದ್ದರೆ ‘ಅಪೆತಿ’. ಕೆಸರು ಮೆತ್ತಿದ ಕಾಲು ನೋಡಿ ತಿಳಿದಿದ್ದರೆ ‘ಅಪೆಯಿ’. ಯಾರೋ ಹೇಳಿದ್ದರೆ ‘ಅಪೆಯಿಗಿ’. ದಿನಾ ಸಂಜೆ ಆಡುವವನು, ಇವತ್ತೂ ಆಡಿರಬೇಕು ಎಂಬ ಲೆಕ್ಕಾಚಾರವಾದರೆ ‘ಅಪೆಹೀಯಿ’. ಆಡಿದವಳು ಹೆಣ್ಣಾದರೆ ‘ವಿ’ ಹೋಗಿ ‘ವೊ’, ಹಲವರಾದರೆ ‘ವ’. ಕಾಲ, ಲಿಂಗ, ವಚನ, ಸಾಕ್ಷಿ ನಾಲ್ಕೂ ಒಂದೇ ಅಕ್ಷರದಲ್ಲಿ! ಸಂಶೋಧಕಿ ಜಾನೆಟ್ ಬಾರ್ನ್ಸ್ 1984ರಲ್ಲಿ ಈ ಐದು ಬಗೆಗಳನ್ನು ವಿವರಿಸಿದ ಮೇಲೆ ತುಯುಕಾ ಭಾಷಾವಿಜ್ಞಾನಿಗಳ ಬಾಯಲ್ಲಿ ನೆಲೆಸಿತು.

ನಮ್ಮ ‘ಬಂದನಂತೆ’ಯ ‘ಅಂತೆ’ ಇದರ ದೂರದ ನೆಂಟ. ಆದರೆ ‘ಅಂತೆ’ಯನ್ನು ಬಿಟ್ಟರೂ ಕನ್ನಡ ವಾಕ್ಯ ನಿಲ್ಲುತ್ತದೆ. ತುಯುಕಾದ ಪ್ರತ್ಯಯ ನಮ್ಮ ‘ಬಂದನು, ಬಂದಳು’ಗಳ ‘ನು’, ‘ಳು’ಗಳಂತೆ, ಬಂದವರು ಯಾರೆಂದು ತೋರಿಸದೆ ನಾವು ಹೇಗೆ ವಾಕ್ಯ ಮುಗಿಸಲಾರೆವೋ, ಸಾಕ್ಷಿ ತೋರಿಸದೆ ಅವರು ಹಾಗೆ ಮುಗಿಸಲಾರರು. ಅಂಚೆಯ ಮುದ್ರೆಯಂತೆ, ಸುದ್ದಿ ಹೊರಟ ಊರು ಅದರ ಮೈಮೇಲೇ ಇರುತ್ತದೆ. ಹಾಗೆಂದು ಅವರಿಗೆ ಸುಳ್ಳು ಹೇಳಲು ಬಾರದು ಎಂಬ ಮಾತು ತಪ್ಪು. ಕೇಳಿದ್ದಕ್ಕೆ ‘ವಿ’ ಹಚ್ಚಿದರೆ ಅದೂ ಸುಳ್ಳೇ.

ಹಲವು ಭಾಷೆ ಕಲಿತರೆ ಸ್ವಂತ ಭಾಷೆ ಕೆಡುತ್ತದೆ ಎಂಬ ನಂಬಿಕೆಗೂ ಇಲ್ಲಿ ಆಧಾರವಿಲ್ಲ. ತಂದೆಯ ಭಾಷೆಯಾಡುವವರೆಲ್ಲ ಒಡಹುಟ್ಟಿದವರ ಲೆಕ್ಕ. ಮದುವೆಗೆ ಹೆಣ್ಣು ಬೇರೆ ಭಾಷೆಯ ಗುಂಪಿನಿಂದಲೇ ಬರಬೇಕು. ಹಾಗಾಗಿ ಮೂರು ನಾಲ್ಕು ಭಾಷೆ ಬಲ್ಲ ಮಕ್ಕಳು ಅಲ್ಲಿ ಸಾಮಾನ್ಯ. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಮಿಷನರಿಗಳ ವಸತಿಶಾಲೆಗಳು ಮಕ್ಕಳನ್ನು ಮನೆಯಿಂದ ದೂರವಿಟ್ಟವು, ಸುತ್ತಲ ಸಣ್ಣ ಭಾಷೆಗಳ ಜಾಗವನ್ನು ಕುಟುಂಬಕ್ಕೆ ಹೆಸರು ಕೊಟ್ಟ ದೊಡ್ಡ ಭಾಷೆ ಟುಕಾನೋ ಆಕ್ರಮಿಸಿತು. 2002ರಲ್ಲಿ ಬ್ರೆಜಿಲ್‌ನ ಸಾವೊ ಗೇಬ್ರಿಯೆಲ್ ದ ಕಶೊಯೆರಾ ಪುರಸಭೆ ಪೋರ್ಚುಗೀಸಿನ ಜೊತೆ ಟುಕಾನೋ, ಬನಿವಾ, ನ್ಯೆಂಗಾತುಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ತುಯುಕಾಕ್ಕೆ ಕೊಡಲಿಲ್ಲ.

ಇದನ್ನು ದಾಖಲಿಸುವವರು ಪೋರ್ಚುಗೀಸ್ ವಾಕ್ಯಗಳ ಪಟ್ಟಿ ಹಿಡಿದು ಅನುವಾದ ಕೇಳಿದರೆ ಸಾಲದು. ‘ಅವನು ಆಡಿದ’ ಎಂಬುದಕ್ಕೆ ಐದು ಉತ್ತರಗಳಿವೆ, ಪಟ್ಟಿಗೆ ಒಂದೇ ಸಿಗುತ್ತದೆ. ಬೇಟೆ ಮುಗಿಸಿ ಬಂದವನ ಮಾತು ಬೇಕು, ‘ಯಿಗಿ’ ತುಂಬಿದ ಪುರಾಣ ಬೇಕು. ಕಾಯಿಲೆಯವರ ಮಾತೂ ಬೇಕು, ಏಕೆಂದರೆ ನೋವು ಕಣ್ಣಿಗೆ ಕಾಣುವುದಿಲ್ಲ. ಅದು ಕಿವಿಯಿಂದ ಅರಿತದ್ದರ ಸಾಲಿಗೇ ಸೇರುತ್ತದೆ.